ಟಿವಿಯ ಕೆಳಗಿನ ಪಿಯಾನೊ

ನಮ್ಮ ಮನೆಯ ಮಹಡಿಯಲ್ಲಿ ಯಾರೋ ಗುಟ್ಟಾಗಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಾರೆ ಎಂಬ ಅನುಮಾನ ನನಗೆ ಬಂದದ್ದು ಹೋದ ತಿಂಗಳು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರ್ ಬಿಡಿಸುತ್ತಿದ್ದ ಹಾಗೆ ನೆತ್ತಿಯ ಮೇಲೆ ಶುರು. ಟಕ ಟಕ ಟಕ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಒಮ್ಮೆ ಜಟಕಾ ಕುದುರೆ ಕಿತ್ತುಕೊಂಡು ಓಡಿದ ಹಾಗೆ. ಆಮೇಲೆ ನಿಶ್ಶಬ್ದ. ಸದ್ಯ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಮೊದಲಿನಿಂದ.

"ಇಲಿ ಇರಬೇಕು" ಅಂದೆ.

"ಇಲಿಗೆ ಇಷ್ಟು ಶಿಸ್ತು ಎಲ್ಲಿಂದ ಬರ್ಬೇಕು ರೀ?" ಅಂದಳು ನನ್ನ ಹೆಂಡತಿ ಸುಶೀಲ. "ಟೈಪಿಂಗೇ ಅದು. ನಮ್ಮ ತಂಗಿ ಜೂನಿಯರ್ ಪರೀಕ್ಷೆಗೆ ಕಟ್ಟಿದ್ದಾಗ ಹಿಂಗೇ ಕುಟ್ತಾ ಇದ್ಲು."

ನನ್ನ ಕಿವಿ ನೆಟ್ಟಗಾಯಿತು. ಚಂದ್ರಾ ಲೇಔಟಿನಲ್ಲಿ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಕಟ್ಟಿಸಿದ ಮನೆ ಸ್ವಾಮಿ ಇದು. (ಮರಳಿನವನ ಹತ್ತಿರ ನಾನು ಆಡಿದ ಚೌಕಾಸಿಯ ಕಥೆ ನೀವು ಈ ಅಂಕಣದಲ್ಲೇ ಓದಿದ್ದೀರಿ. ಬೇಸರವಾಗುವಷ್ಟು ಸಲ ಓದಿದ್ದೀರಿ ಎಂದು ಸುಶೀಲ ಹೇಳುತ್ತಾಳೆ.) ಮಹಡಿಯನ್ನು ಬಾಡಿಗೆಗೆ ಕೊಟ್ಟದ್ದು ವಾಸಕ್ಕೆ. ವ್ಯಾಪಾರಕ್ಕಲ್ಲ. ನಾಳೆ ಕರೆಂಟಿನವರು ಬಂದು ಕಮರ್ಷಿಯಲ್ ಲೈನ್ ಅಂದರೆ ಯಾರು ಹೊಣೆ?

ಲೋಟ ಕೆಳಗಿಟ್ಟು ಮೆಟ್ಟಿಲು ಹತ್ತಿದೆ.

ಮಹಡಿಯಲ್ಲಿರುವವರು ವಸುಂಧರಾ ಮೇಡಂ. ಒಂಟಿ ಹೆಂಗಸು, ಅರವತ್ತು ದಾಟಿದವರು, ಉತ್ತರದ ಯಾವುದೋ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದು ರಿಟೈರ್ ಆದವರು. ಯಾವ ಸಬ್ಜೆಕ್ಟು ಎಂದು ನಾನು ಕೇಳಿರಲಿಲ್ಲ. ಬಾಡಿಗೆ ಸರಿಯಾಗಿ ಕೊಡುವ ಪ್ರೊಫೆಸರಿಗೆ ಸಬ್ಜೆಕ್ಟು ಯಾವುದಾದರೇನು?

ಬಾಗಿಲು ಅರ್ಧ ತೆರೆದೇ ಇತ್ತು. ಇಣುಕಿದೆ. ಟೈಪ್‌ರೈಟರ್ ಇಲ್ಲ. ಹುಡುಗ ಹುಡುಗಿಯರೂ ಇಲ್ಲ. ಮೇಡಂ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಾರೆ. ಎರಡೂ ಕೈ ಮೇಜಿನ ಮೇಲೆ ಓಡುತ್ತಿವೆ. ಖಾಲಿ ಮೇಜು! ಕಣ್ಣು ಎದುರು ಗೋಡೆಯ ಮೇಲಿದೆ, ಆ ಗೋಡೆಯ ಮೇಲೂ ಏನೂ ಇಲ್ಲ. ಬಲಗಾಲು ನೆಲದ ಮೇಲೆ ಏನನ್ನೋ ಒತ್ತಿ ಒತ್ತಿ ಬಿಡುತ್ತಿದೆ, ಹೊಲಿಗೆ ಮೆಷಿನ್ ತುಳಿಯುವವರ ಹಾಗೆ.

ನನಗೆ ಗಾಬರಿಯಾಯಿತು. ಒಂಟಿ ಜೀವ, ತಲೆಗೆ ಏನಾದರೂ...?

"ಮೇಡಂ" ಅಂದೆ.

ಕೈ ನಿಂತಿತು. ತಿರುಗಿ ನೋಡಿದವರು ನಾಚಿಕೊಂಡರು. "ಓ, ರಂಗಪ್ಪನವರಾ? ಕೆಳಗೆ ತುಂಬಾ ಸದ್ದು ಕೇಳಿಸ್ತಾ? ಕ್ಷಮಿಸಿ. ಮೇಜಿನ ಮೇಲೆ ಕಂಬಳಿ ಹಾಸ್ಕೋತೀನಿ ನಾಳೆಯಿಂದ."

"ಸದ್ದು ಇರ್ಲಿ ಮೇಡಂ. ಏನು ಮಾಡ್ತಾ ಇದೀರ ಅಂತ..."

"ಪ್ರಾಕ್ಟೀಸು."

"ಯಾವುದರದ್ದು?"

"ಪಿಯಾನೊ" ಅಂದರು, ಮೇಜನ್ನು ನೋಡುತ್ತಾ.

ಆ ದಿನ ನಾನು ಅಂಗಡಿಗೆ ತಡವಾಗಿ ಹೋದೆ. (ವಿಜಯನಗರದ ನನ್ನ ಪಾತ್ರೆ ಅಂಗಡಿಯನ್ನು ಬಲ್ಲವರಿಗೆ ಇದು ಎಂಥ ಸುದ್ದಿ ಎಂದು ಗೊತ್ತು.) ಮೇಡಂ ಕಾಫಿ ಮಾಡಿಕೊಟ್ಟರು, ಮಾತಾಡಿದರು. ಮೈಸೂರಿನಲ್ಲಿ ಹುಟ್ಟಿದವರಂತೆ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇವರ ಕೈಬೆರಳು ನೋಡಿ ಪಿಯಾನೊ ಮುಂದೆ ಕೂರಿಸಿದರಂತೆ. ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿಗೆ ಹಡಗಿನಲ್ಲಿ ಹೋದದ್ದು, ವಾಪಸು ಬಂದು ಬೊಂಬಾಯಿ, ಕಲ್ಕತ್ತ, ಮದ್ರಾಸಿನಲ್ಲಿ ಕಚೇರಿ ಕೊಟ್ಟದ್ದು, ಸೀರೆ ಉಟ್ಟು ಪಿಯಾನೊ ನುಡಿಸುವ ಹೆಂಗಸನ್ನು ನೋಡಲೆಂದೇ ಜನ ಬರುತ್ತಿದ್ದದ್ದು, ನೋಡಲು ಬಂದವರು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದದ್ದು. ಆಮೇಲೆ ಯೂನಿವರ್ಸಿಟಿ. ಅಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ, ಒಂದು ದೊಡ್ಡ ಪಿಯಾನೊ, ಅದರ ಬೀಗದ ಕೈ ಇವರ ಸೀರೆಯ ಸೆರಗಿನಲ್ಲಿ. ಪಾಠ ಮುಗಿದ ಮೇಲೆ ಸಂಜೆ ವಾಚ್‌ಮನ್ ಬಂದು ಗಂಟೆ ಅಲ್ಲಾಡಿಸುವವರೆಗೂ ತಾವೊಬ್ಬರೇ ನುಡಿಸುವುದು.

"ರಿಟೈರ್ ಆದ ದಿನ ಶಾಲು ಹೊದಿಸಿದ್ರು. ಬೀಗದ ಕೈ ಇಸ್ಕೊಂಡ್ರು" ಅಂದರು.

"ನಿಮ್ದೇ ಅಂತ ಒಂದು ಪಿಯಾನೊ ಇಲ್ವಾ ಮೇಡಂ?"

"ಯಾವತ್ತೂ ಇರಲಿಲ್ಲ."

ನನಗೆ ನಂಬಲಾಗಲಿಲ್ಲ. ಅಡುಗೆಭಟ್ಟನ ಹತ್ತಿರ ಸ್ವಂತ ಸೌಟು ಇರುತ್ತದೆ. ಕ್ಷೌರಿಕನ ಹತ್ತಿರ ಸ್ವಂತ ಕತ್ತರಿ. ಜೀವಮಾನವಿಡೀ ಪಿಯಾನೊ ನುಡಿಸಿದವರಿಗೆ ಸ್ವಂತ ಪಿಯಾನೊ ಇಲ್ಲವೆಂದರೆ?

ಮೇಡಂ ನಕ್ಕರು. "ನಮ್ಮ ಕಸುಬೇ ಹಾಗೆ. ವೀಣೆಯವರು ವೀಣೆ ಹೊತ್ಕೊಂಡು ಹೋಗ್ತಾರೆ. ನಾವು ಬರಿಗೈಯಲ್ಲಿ ಹೋಗಬೇಕು. ಆ ಊರಲ್ಲಿ ಯಾವ ಪಿಯಾನೊ ಇಟ್ಟಿರ್ತಾರೋ ಅದೇ ನಮಗೆ. ಬೆರಳಲ್ಲಿ ಒತ್ತೋ ಕೀಲಿಗಳಿರ್ತವಲ್ಲ, ಒಂದರದ್ದು ಬಿಗಿ, ಒಂದರದ್ದು ಸಡಿಲ, ಒಂದರಲ್ಲಿ ನಾಲ್ಕು ಕೀಲಿ ಮಾತೇ ಆಡಲ್ಲ. ಮಧ್ಯಾಹ್ನ ಒಂದು ಗಂಟೆ ಕೊಡ್ತಾರೆ, ಪರಿಚಯ ಮಾಡ್ಕೊಳ್ಳೋಕೆ. ಸಾಯಂಕಾಲ ಅದರ ಜೊತೆ ಸಂಸಾರ. ಎಲ್ಲ ಊರಲ್ಲೂ ಒಂದೇ ಮಾತು ಹೇಳ್ತಾರೆ: 'ನಿಮ್ಮದೇ ಅಂದ್ಕೊಳ್ಳಿ ಮೇಡಂ.' ಅಂದ್ಕೋತೀವಿ. ಬೆಳಿಗ್ಗೆ ಟ್ರೈನಿಗೆ ಹೊತ್ತಾಗಿರುತ್ತೆ."

ಆಮೇಲೆ ಕಪ್ಪು ಬಸಿಗಳನ್ನು ಎತ್ತುತ್ತಾ, ನನಗಲ್ಲ, ಮೇಜಿಗೆ ಹೇಳುವ ಹಾಗೆ ಅಂದರು: "ರಾತ್ರಿ ಮುಚ್ಚಿ, ಬೆಳಿಗ್ಗೆ ಎದ್ದು ತೆಗೆದಾಗ ಅಲ್ಲೇ ಇರಬೇಕು. ಅಷ್ಟೇ ಆಸೆ."

ಓದುಗರೇ, ನಾನೂ ಹದಿನಾರು ಕಡೆ ಬಾಡಿಗೆ ಮನೆ ಮಾಡಿದವನು. ಸೈಕಲ್ ಕ್ಯಾರಿಯರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟು ಕಟ್ಟಿಕೊಂಡು ಮಾಗಡಿ ರಸ್ತೆಯುದ್ದಕ್ಕೂ ಮಾರಿದವನು. ಸ್ವಂತದ್ದು ಅನ್ನುವ ಮಾತಿಗೆ ಎಷ್ಟು ತೂಕವಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆಟ್ಟಿಲು ಇಳಿಯುವಾಗಲೇ ತೀರ್ಮಾನಿಸಿದೆ. ಈ ಹೆಂಗಸಿಗೆ ಪಿಯಾನೊ ಕೊಡಿಸುವುದು ನನ್ನ ಕೆಲಸ.

"ಎಲ್ಲಿ ಇಡ್ತಾರಂತೆ?" ಅಂದಳು ಸುಶೀಲ.

"ಮಹಡಿಯಲ್ಲಿ."

"ಮೇಜಿಗೇ ಇಷ್ಟು ಸದ್ದು. ಇನ್ನು ಪಿಯಾನೊ ತಂದ್ರೆ ತಾರಸಿ ನಮ್ಮ ತಲೆ ಮೇಲೆ ಬರತ್ತೆ ಅಷ್ಟೆ."

"ನಾನು ಹಾಕಿಸಿದ ತಾರಸಿ ಕಣೇ ಅದು. ಆನೆ ನಿಲ್ಲಿಸಬಹುದು."

ಪಿಯಾನೊ ಎಲ್ಲಿ ಸಿಗುತ್ತದೆ? ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆ ವಿಚಾರಿಸಿದರೆ ಸಿಗಬಹುದು, ಅಲ್ಲಿನ ಬೆಲೆ ಕೇಳಿದರೆ ಮೇಡಂ ಪೆನ್ಷನ್ನಿನ ಮಾತಿರಲಿ, ನನ್ನ ಎದೆಯೇ ನಿಲ್ಲುತ್ತದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿಟ್ಟೆ. ಪಾತ್ರೆ ಅಂಗಡಿಯವನಿಗೆ ತಿಳಿಯದ ಸಂಸಾರ ಊರಲ್ಲಿ ಉಂಟೆ? ಎಂಟು ದಿನದೊಳಗೆ ಸುದ್ದಿ ಬಂತು. ಎಲ್ಲಿಂದ ಅಂತೀರಿ? ಪಕ್ಕದ ರಾಜಾಜಿನಗರದಿಂದ!

ರಾಣೆಬೆನ್ನೂರು ಕಡೆಯ ಜವಳಿ ವ್ಯಾಪಾರಿ ವಿರೂಪಾಕ್ಷಪ್ಪ ಎನ್ನುವವರು ಅಲ್ಲಿ ಒಂದು ಹಳೆ ಮನೆ ಕೊಂಡಿದ್ದರು. ಮನೆ ಮಾರಿದ ಕ್ರಿಶ್ಚಿಯನ್ ಕುಟುಂಬ ಆಸ್ಟ್ರೇಲಿಯಾಕ್ಕೆ ಹೋಗುವಾಗ ಪಿಯಾನೊವನ್ನು ಅಲ್ಲೇ ಬಿಟ್ಟಿತ್ತು. ವಿರೂಪಾಕ್ಷಪ್ಪನವರಿಗೆ ಅದು ಬೇಡ. ಅವರ ಹೆಂಡತಿಗೆ ಆ ಜಾಗದಲ್ಲಿ ಷೋಕೇಸ್ ಬೇಕು. ಇದಕ್ಕಿಂತ ಒಳ್ಳೆಯ ವ್ಯಾಪಾರ ಇರುತ್ತದೆಯೇ? ಗಂಡನಿಗೆ ಬೇಡ, ಹೆಂಡತಿಗಂತೂ ಬೇಡವೇ ಬೇಡ.

ಭಾನುವಾರ ಮಧ್ಯಾಹ್ನ ಆಟೋದಲ್ಲಿ ಹೊರಟೆವು. ಮೇಡಂ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

"ಅಯ್ಯೋ ಮೇಡಂ, ಇದೇನು? ರೇಷ್ಮೆ ನೋಡಿದ್ರೆ ಬೆಲೆ ಏರಿಸ್ತಾರೆ. ಹೋಗಿ ಬದಲಾಯಿಸ್ಕೊಂಡು ಬನ್ನಿ."

ಪಾಪ, ಹೋಗಿ ಬದಲಾಯಿಸಿ ಬಂದರು. ದಾರಿಯಲ್ಲಿ ಪಾಠ ಹೇಳಿದೆ. (ನಿಮಗೂ ಹೇಳುತ್ತೇನೆ, ಎಮ್ಮೆ ಕೊಳ್ಳುವಾಗಲೂ ಇದೇ, ಸೈಟು ಕೊಳ್ಳುವಾಗಲೂ ಇದೇ.) ಬೇಕಾದ ವಸ್ತುವಿನ ಕಡೆ ನೋಡಬಾರದು. ನೋಡಿದರೂ ಅದರ ಕಾಲಿನ ಕಡೆ, ಹಿಂಭಾಗದ ಕಡೆ, ಗೆದ್ದಲು ಹಿಡಿಯುವ ಕಡೆ ನೋಡಬೇಕು. ಮುಟ್ಟಿದರೆ ಬೆರಳು ಒರೆಸಿಕೊಳ್ಳಬೇಕು. ನಾನು ಎದ್ದರೆ ನೀವೂ ಏಳಬೇಕು.

"ನುಡಿಸಿ ಅಂದ್ರೆ?" ಕೇಳಿದರು ಮೇಡಂ.

"ಅದೇ ಮುಖ್ಯ. ಕೆಟ್ಟದಾಗಿ ನುಡಿಸಿ."

ಮೇಡಂ ಆಟೋದ ಹೊರಗೆ ನೋಡಿದರು. "ಕೆಟ್ಟದಾಗಿ" ಅಂದುಕೊಂಡರು, ಹೊಸ ಪದವೊಂದನ್ನು ಕಲಿಯುವ ಮಗುವಿನ ಹಾಗೆ.

ವಿರೂಪಾಕ್ಷಪ್ಪನವರ ನಡುಮನೆ. ಪಿಯಾನೊ ಕಾಣಿಸಲೇ ಇಲ್ಲ! ಕಾಣಿಸಿದ್ದು ಟಿವಿ. ಅದರ ಪಕ್ಕ ಸ್ಟೆಬಿಲೈಸರ್, ಅದರ ಪಕ್ಕ ಪ್ಲಾಸ್ಟರಿನ ನಾಯಿ, ಒಂದು ಗಡಿಯಾರ, ಎಲ್ಲದರ ಕೆಳಗೆ ಕ್ರೋಶಾ ಹಾಕಿದ ಬಿಳಿ ಬಟ್ಟೆ. ಆ ಬಟ್ಟೆಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು ಕಪ್ಪು ಪಿಯಾನೊ. ಬೇರೆಯವರ ಮದುವೆಯಲ್ಲಿ ಸಾಮಾನು ಕಾಯಲು ಕೂರಿಸಿದ ಬಡ ನೆಂಟನ ಹಾಗೆ.

"ಬರ್ರಿ ಬರ್ರಿ, ಕುಂದರ್ರಿ" ಎಂದರು ವಿರೂಪಾಕ್ಷಪ್ಪ. "ಇದನ್ನ ಮೊದ್ಲು ಮನೀ ಬಿಟ್ಟು ಕಳಸ್ಬೇಕ್ರಿ. ಒರಸಿ ಒರಸಿ ನಮ್ಮಾಕಿ ರಟ್ಟಿ ಬಿದ್ದು ಹೋಗ್ಯಾವು."

ಅವರ ಹೆಂಡತಿ ಗೌರಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಅಂದರು: "ಹಲ್ಲು ಕಿಸಕೊಂಡು ನಿಂತಂಗ ಕಾಣ್ತೈತ್ರಿ ಆ ಮುಚ್ಚಳ ತಗದ್ರ. ಸಣ್ಣ ಹುಡುಗರು ಹೆದರ್ತಾವು."

ಮೇಡಂ ಯೂನಿವರ್ಸಿಟಿಯಲ್ಲಿದ್ದವರು ಎಂದಷ್ಟೇ ಪರಿಚಯ ಹೇಳಿ ನಾನು ಕೆಲಸ ಶುರು ಮಾಡಿದೆ. ಬಗ್ಗಿ ಅದರ ಕಾಲು ನೋಡಿದೆ. ಹಿಂದೆ ಕೈ ಹಾಕಿ ಜೇಡರ ಬಲೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಮರವನ್ನು ಗೆಣ್ಣಿನಿಂದ ತಟ್ಟಿದೆ. ಮುಚ್ಚಳ ತೆಗೆದು ಎಡಗಡೆಯ ಕೊನೆಯ ಕೀಲಿಯನ್ನು ಒಂದು ಸಲ, ಬೇಕೋ ಬೇಡವೋ ಎಂಬಂತೆ ಒತ್ತಿದೆ.

ಸಂಗೀತ ನನಗೆ ಬಾರದು. ಆದರೆ ಕಂಚು ಗೊತ್ತು. ಒಳ್ಳೆಯ ಕಂಚಿನ ತಟ್ಟೆಯನ್ನು ಬೆರಳಿನಿಂದ ಮೀಟಿದರೆ ಸದ್ದು ಬಿದ್ದು ಹೋಗುವುದಿಲ್ಲ, ಗಾಳಿಯಲ್ಲಿ ನಿಂತುಕೊಳ್ಳುತ್ತದೆ. ಆ ಕೀಲಿಯ ಸದ್ದು ಹಾಗೆ ನಿಂತಿತು. ಕಾಲ ಕೆಳಗಿನ ರೆಡ್ ಆಕ್ಸೈಡ್ ನೆಲದಲ್ಲೂ ನಿಂತಿತು. ಮಾಲು ಉತ್ತಮ!

ಮುಖ ಗಂಟಿಕ್ಕಿದೆ. "ಒಡಕು ಸದ್ದು" ಅಂದೆ.

ಮೇಡಂ ಕಡೆ ನೋಡಿದೆ. ಹೇಳಿಕೊಟ್ಟ ಹಾಗೆ ಪ್ಲಾಸ್ಟರ್ ನಾಯಿಯನ್ನು ನೋಡುತ್ತಾ ಕೂತಿದ್ದರು. ಆದರೆ ಆ ಸದ್ದು ಪೂರ್ತಿ ಆರುವವರೆಗೆ ಅವರ ರೆಪ್ಪೆ ಅಲ್ಲಾಡಲಿಲ್ಲ. ಸದ್ಯ, ಅದನ್ನು ಕಂಡದ್ದು ನಾನೊಬ್ಬನೇ.

ಬೆಲೆಯ ಮಾತು ಬಂತು. ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಅಂಗಡಿಗೆ ಬರುವ ಗಿರಾಕಿಗಳು ನಾಳೆಯಿಂದ ನನ್ನ ಮೇಲೇ ಇದೇ ವಿದ್ಯೆ ಪ್ರಯೋಗಿಸುತ್ತಾರೆ. ಅವರು ಒಂದು ಹೇಳಿದರು, ನಾನು ನಕ್ಕೆ. ನಾನು ಒಂದು ಹೇಳಿದೆ, ಅವರು ನಕ್ಕರು. ಎದ್ದೆ. ಮೇಡಮ್ಮೂ ಎದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟತೊಡಗಿದೆ.

ಈ ಚಪ್ಪಲಿಯ ವಿಷಯ ಹೇಳಲೇಬೇಕು. ವ್ಯಾಪಾರಕ್ಕೆ ಹೋಗುವಾಗ ನಾನು ಬಕಲ್ ಇರುವ ಚಪ್ಪಲಿಯನ್ನೇ ಹಾಕುವುದು. ಹವಾಯಿ ಹಾಕಿದರೆ ಕಾಲು ತೂರಿಸಿದ್ದೇ ಗೇಟು ಬರುತ್ತದೆ, ಮಾರುವವನಿಗೆ ಮನಸ್ಸು ಬದಲಾಯಿಸಲು ಹೊತ್ತೇ ಸಿಗುವುದಿಲ್ಲ. ಬಕಲ್ ಆದರೆ ಬಗ್ಗಬೇಕು, ಹುಡುಕಬೇಕು, ತೂತಿಗೆ ಸೇರಿಸಬೇಕು. ಎಷ್ಟೋ ವ್ಯಾಪಾರಗಳು ನನಗೆ ಕುದುರಿರುವುದು ಎಡಗಾಲಿನ ಬಕಲ್ಲಿಗೂ ಬಲಗಾಲಿನ ಬಕಲ್ಲಿಗೂ ನಡುವೆ.

"ಏ ಬರ್ರಿ ಒಳಗ!" ಬಲಗಾಲಿಗೆ ಕೈ ಹಾಕುವ ಮೊದಲೇ ಕರೆ ಬಂತು.

ನಾನು ಹೇಳಿದ ಬೆಲೆಗೇ ಆಯಿತು. ಮಂಗಳವಾರ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಸಾಗಿಸುವುದೆಂದೂ ಆಯಿತು. ಮೇಡಂ ಮೊದಲ ಸಲ ಪಿಯಾನೊ ಕಡೆ ನೇರವಾಗಿ ತಿರುಗಿ ನೋಡಿದರು. ನಾನು ತಡೆಯಲಿಲ್ಲ. ವ್ಯಾಪಾರ ಮುಗಿದಿತ್ತಲ್ಲ?

"ಅಡ್ವಾನ್ಸ್ ಕೊಡ್ರಿ ಹಂಗಾರ" ಅಂದರು ವಿರೂಪಾಕ್ಷಪ್ಪ.

ಜೇಬಿಗೆ ಕೈ ಹಾಕಿದವನು ಟಿವಿ ಪಕ್ಕದ ಗಡಿಯಾರ ನೋಡಿದೆ. ಭಾನುವಾರ. ನಾಲ್ಕೂವರೆ ಆಗಿಹೋಗಿದೆ. ರಾಹುಕಾಲ!

"ಆರು ಗಂಟೆಗೆ ಕೊಡ್ತೀನಿ" ಅಂದೆ. "ರಾಹುಕಾಲದಲ್ಲಿ ದುಡ್ಡು ಕೈ ಬದಲಾಯಿಸಬಾರದು."

"ನಮ್ಮ ಕಡೀಗೆ ರಾಹುನೂ ಇಲ್ಲ, ಕೇತುನೂ ಇಲ್ಲ. ಕೊಟ್ಟುಬಿಡ್ರಿ."

"ನಿಮಗಿಲ್ಲ ಸಾರ್, ನನಗಿದೆ. ಕಾಯ್ತೀನಿ."

ಕೂತೆ. ಸೈಕಲ್ಲಿನ ಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಅದರಿಂದ ಇವತ್ತಿನವರೆಗೆ ನನಗೆ ನಷ್ಟವಾಗಿರಲಿಲ್ಲ.

ಗೌರಮ್ಮ ಚಹಾ ತಂದರು. ಕುಡಿದಾಯಿತು. ಮಾತೂ ಖಾಲಿಯಾಯಿತು. ಟಿವಿಯಲ್ಲಿ ಸಿನಿಮಾ ಶುರುವಾಗಲು ಇನ್ನೂ ಹೊತ್ತಿತ್ತು.

"ಅಲ್ರೀ, ಈ ಮನೀಗೆ ಬಂದಾಗಿಂದ ಇದನ್ನ ಒರಸೇನಿ. ಒಂದ್ ಸಲನೂ ಇದರ ದನಿ ಕೇಳಿಲ್ಲ" ಅಂದರು ಗೌರಮ್ಮ. "ಮೇಡಮ್ಮಾರ, ಹೆಂಗೂ ನಿಮ್ಮದಾತು. ಒಂಚೂರು ಬಾರಿಸಿ ತೋರಸ್ರಿ."

ನಾನು ಮೇಡಂ ಕಡೆ ಕಣ್ಣು ಬಿಟ್ಟೆ. ನೆನಪಿದೆಯಲ್ಲ?

ನೆನಪಿತ್ತು. ಎದ್ದು ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಒಂದೇ ಬೆರಳಿನಲ್ಲಿ, ಹೊಸದಾಗಿ ಟೈಪಿಂಗ್ ಕಲಿಯುವ ಹುಡುಗಿಯ ಹಾಗೆ, ಟಿಣ್, ಟಿಣ್, ಟಿಣ್. ಕೆಲವು ಕೀಲಿಗಳು ಸದ್ದೇ ಮಾಡಲಿಲ್ಲ. ಭೇಷ್ ಅಂದುಕೊಂಡೆ.

"ಇಷ್ಟನಾ?" ನಕ್ಕರು ವಿರೂಪಾಕ್ಷಪ್ಪ. "ಇದಕ್ಕ ಯೂನಿವರ್ಸಿಟಿ ಯಾಕ್ರೀ ಬೇಕು?"

ಮೇಡಂ ಕೂಡ ನಕ್ಕರು. ಆದರೆ ಬೆರಳು ನಿಲ್ಲಲಿಲ್ಲ. ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ, ಒಂದೊಂದೇ ಕೀಲಿಯನ್ನು ಮುಟ್ಟುತ್ತಾ ಹೋದರು. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಮಾತಾಡುವವು ಯಾವುವು, ಮೂಕರು ಯಾರು ಯಾರು ಎಂದು ಕೇಳಿಕೊಂಡ ಹಾಗೆ. ಕೊನೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಸದ್ಯ, ಮುಗಿಯಿತು ಅಂದುಕೊಂಡೆ.

ಎರಡೂ ಕೈ ಎತ್ತಿದರು.

ಏನು ನುಡಿಸಿದರು ಎಂದು ನನ್ನನ್ನು ಕೇಳಬೇಡಿ. ನಮ್ಮ ಮನೆಯ ಮಹಡಿಯ ಟಕ ಟಕ ಅದು ಎಂದು ಮಾತ್ರ ನನಗೆ ಗೊತ್ತಾಯಿತು. ಅದೇ ಮೆಲ್ಲಗೆ, ಅದೇ ಜೋರು, ಅದೇ ಕುದುರೆ ಓಟ. ದಿನಗಟ್ಟಲೆ ಅಸ್ಥಿಪಂಜರ ಕಂಡವನಿಗೆ ಅದು ಒಮ್ಮೆಲೇ ರಕ್ತ ಮಾಂಸ ತುಂಬಿಕೊಂಡು ಎದ್ದು ಬಂದ ಹಾಗೆ! ಮೂಕ ಕೀಲಿಗಳು? ಅವುಗಳ ಹತ್ತಿರ ಬಂದಾಗ ಬೆರಳು ಅಕ್ಕಪಕ್ಕಕ್ಕೆ ಸರಿದು ದಾಟಿ ಹೋಗುತ್ತಿತ್ತು, ಕತ್ತಲಲ್ಲೂ ತನ್ನ ಮನೆಯ ಹೊಸ್ತಿಲು ಎಡವದವರ ಹಾಗೆ. ಎಷ್ಟು ಊರಿನ ಎಷ್ಟು ಪಿಯಾನೊಗಳು ಕಲಿಸಿದ ವಿದ್ಯೆಯೋ.

ಗೌರಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು. ಸಿನಿಮಾದ ಹೊತ್ತಾಯಿತು. ಪಕ್ಕದ ಮನೆಯ ಟಿವಿಯಿಂದ ಸದ್ದು ಕೇಳಿಸತೊಡಗಿತು. ಇಲ್ಲಿ ಯಾರೂ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಪಿಯಾನೊ ಅದುರಿದಾಗಲೆಲ್ಲ ಮೇಲಿದ್ದ ಸ್ಟೆಬಿಲೈಸರ್ ಗಿರಗಿರ ಅನ್ನುತ್ತಿತ್ತು. ವಿರೂಪಾಕ್ಷಪ್ಪ ಮೆಲ್ಲಗೆ ಎದ್ದರು. ಸ್ಟೆಬಿಲೈಸರ್ ತೆಗೆದು ನೆಲದ ಮೇಲಿಟ್ಟರು. ನಾಯಿ, ಗಡಿಯಾರ ತೆಗೆದರು. ಆಮೇಲೆ, ಮಲಗಿದ ಮಗುವನ್ನು ಎತ್ತುವ ಹಾಗೆ, ಟಿವಿಯನ್ನೇ ಎತ್ತಿ ಮೂಲೆಯಲ್ಲಿಟ್ಟು ಬಂದರು.

ನಾನು ಜೇಬಿನ ದುಡ್ಡನ್ನು ಮುಟ್ಟಿ ನೋಡಿಕೊಂಡೆ. ಮೂವತ್ತು ವರ್ಷದ ವ್ಯಾಪಾರದ ಅನುಭವದಿಂದ ಹೇಳುತ್ತೇನೆ. ಮಾರುವ ವಸ್ತುವಿನ ಮೇಲಿನ ಭಾರವನ್ನು ತಾನಾಗಿ ಇಳಿಸಿದವನು ಅದನ್ನು ಮಾರುವುದಿಲ್ಲ.

ನುಡಿಸಿ ಮುಗಿದಾಗ ಆರು ಹೊಡೆದು ಹೋಗಿತ್ತು. ನಾನು ತಟ್ಟನೆ ದುಡ್ಡು ತೆಗೆದು ಮುಂದೆ ಹಿಡಿದೆ.

ವಿರೂಪಾಕ್ಷಪ್ಪ ಹೆಂಡತಿಯ ಮುಖ ನೋಡಿದರು. ಗೌರಮ್ಮ ಸೆರಗಿನಲ್ಲಿ ಹಿಟ್ಟಿನ ಕೈ ಒರೆಸಿಕೊಂಡರು.

"ಇಲ್ರೀ ಅಣ್ಣಾರ. ಕೊಡಂಗಿಲ್ಲ."

"ಅಮ್ಮಾ, ಮಾತಾಗಿದೆ!"

"ಆಗಿತ್ರಿ. ಇಷ್ಟ್ ದಿನಾ ಕಟಗಿ ಅಂತ ತಿಳಕೊಂಡಿದ್ವಿ. ಜೀವ ಐತಿ ಅಂತ ಗೊತ್ತಾದ ಮ್ಯಾಲ ಹೆಂಗ್ರೀ ಮನೀ ಬಿಟ್ಟು ಕಳಸೂದು?"

ಆಮೇಲೆ ನಾನು ಮಾಡಿದ್ದನ್ನು ನನ್ನನ್ನು ಬಲ್ಲ ಯಾರೂ ನಂಬಲಾರರು. ನನ್ನ ಬೆಲೆಯನ್ನು ನಾನೇ ಏರಿಸಿದೆ! ಅವರು ಮೊದಲು ಹೇಳಿದ್ದ ಬೆಲೆಯನ್ನೂ ದಾಟಿದೆ. ಮೇಡಂ "ಬೇಡಿ ರಂಗಪ್ಪನವರೇ" ಅನ್ನುತ್ತಿದ್ದರೂ ಕೇಳಲಿಲ್ಲ. ವಿರೂಪಾಕ್ಷಪ್ಪ ಕೈ ಮುಗಿದರು. "ತಪ್ಪು ತಿಳೀಬ್ಯಾಡ್ರಿ. ಇದರಾಗ ರೊಕ್ಕದ ಮಾತಿಲ್ಲ."

ಎದ್ದೆವು. ಚಪ್ಪಲಿ ಹಾಕಿಕೊಂಡೆ. ಎಡಗಾಲಿನ ಬಕಲ್ಲು. ಬಲಗಾಲಿನ ಬಕಲ್ಲು. ಬಿಚ್ಚಿ ಮತ್ತೆ ಹಾಕಿದೆ.

"ಮೇಡಮ್ಮಾರ!"

ಕರೆ ಬಂತು! ತಿರುಗಿದೆ. ಗೌರಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ರವಿಕೆ ಕಣ, ಪೊಟ್ಟಣದಲ್ಲಿ ಕುಂಕುಮ ಹಿಡಿದು ಬಂದಿದ್ದರು. ಮೇಡಂ ಕೈಗೆ ಕೊಟ್ಟು ಕೈಯನ್ನು ಬಿಡದೆ ಹಿಡಿದುಕೊಂಡರು. "ಪ್ರತೀ ಐತವಾರ ಬರ್ರಿ. ಯಾವಾಗ ಬೇಕಾದ್ರೂ ಬರ್ರಿ. ಟಿವಿ ಇನ್ನ ಅದರ ಮ್ಯಾಲ ಇಡಂಗಿಲ್ಲ. ನಿಮ್ಮದ ಅಂತ ತಿಳಕೋರಿ."

ಮೇಡಂ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಬೊಂಬಾಯಿ, ಕಲ್ಕತ್ತ, ಮದ್ರಾಸು. ಈಗ ರಾಜಾಜಿನಗರ.

"ಆಗಲಿ ತಾಯಿ" ಅಂದರು ಮೇಡಂ.

ಆಟೋದಲ್ಲಿ ನನಗೆ ತಡೆಯಲಾಗಲಿಲ್ಲ. "ಅಷ್ಟು ಹೇಳಿದ್ದೆನಲ್ಲ ಮೇಡಂ. ಒಂದರ್ಧ ಗಂಟೆ ಕೆಟ್ಟದಾಗಿ ನುಡಿಸೋಕಾಗ್ಲಿಲ್ವಾ? ಮಂಗಳವಾರ ನಿಮ್ಮ ಮನೇಲಿರ್ತಿತ್ತು!"

"ಪ್ರಯತ್ನ ಪಟ್ಟೆ ರಂಗಪ್ಪನವರೇ. ನೀವೇ ನೋಡಿದ್ರಲ್ಲ." ಸ್ವಲ್ಪ ದೂರ ಹೋದ ಮೇಲೆ ಅಂದರು: "ಎಷ್ಟು ವರ್ಷದಿಂದ ಯಾರೂ ಅದನ್ನ ಮಾತಾಡಿಸಿರಲಿಲ್ಲವೋ. ಮುಟ್ಟಿದ ತಕ್ಷಣ ಓಗೊಡ್ತು. ಓಗೊಟ್ಟ ಮೇಲೆ ಸುಮ್ಮನಿರೋದು ಹೇಗೆ?" ಮತ್ತೆ ಸ್ವಲ್ಪ ದೂರ. "ನೀವು ರಾಹುಕಾಲ ನೋಡದೆ ದುಡ್ಡು ಕೊಟ್ಟಿದ್ರೆ?"

ನಾನು ಡ್ರೈವರಿಗೆ ದಾರಿ ಹೇಳತೊಡಗಿದೆ. ಅವನಿಗೆ ದಾರಿ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಕಾಫಿ ಹೊತ್ತಿಗೆ ತಲೆಯ ಮೇಲೆ ಸದ್ದಿಲ್ಲ, ಕಂಬಳಿ ಹಾಸಿದ ಮೇಲೂ ಕೇಳಿಸುತ್ತಿದ್ದ ಮೆತ್ತನೆಯ ಸದ್ದೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಂಗಳವಾರ ಬಂದು ಹೋಯಿತು, ಗಾಡಿ ಬರಲಿಲ್ಲ. ಪೇಪರ್ ಹಿಡಿದು ಕೂತವನು ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ.

"ಸದ್ದು ಮಾಡ್ತಾರೆ ಅಂತ ಜಗಳಕ್ಕೆ ಹೋಗಿದ್ರಲ್ಲ, ಈಗ ಸದ್ದಿಲ್ಲ ಅಂತ ಹೋಗಿ" ಅಂದಳು ಸುಶೀಲ. ನಾನು ಹೋಗಲಿಲ್ಲ. ಅವಳೇ ಒಂದು ಬಟ್ಟಲಲ್ಲಿ ಹುಳಿ ಹಿಡಿದು ಮೇಲೆ ಹೋದಳು. ಮೇಡಂ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದರಂತೆ. ಮೇಜಿನ ಮೇಲೆ ಹಾಸಿದ ಕಂಬಳಿ ಹಾಗೇ ಇತ್ತಂತೆ.

ಶುಕ್ರವಾರ ಶುರುವಾಯಿತು. ಟಕ ಟಕ ಟಕ.

ಈ ಸಲ ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಸುಶೀಲಳೂ ಹಿಂದೆಯೇ ಬಂದಳು. ಮೇಡಂ ಮೇಜಿನ ಮುಂದೆ ಕೂತಿದ್ದರು. ಕಂಬಳಿ ಮಡಿಚಿ ಪಕ್ಕಕ್ಕಿಟ್ಟಿದ್ದರು. ಬರೀ ಮರದ ಮೇಲೆ, ಅಲ್ಲೊಂದು ಇಲ್ಲೊಂದು, ಕೆಂಪು ಚುಕ್ಕಿಗಳು. ಕುಂಕುಮ! ನೀರಲ್ಲಿ ಕಲಸಿ ಇಟ್ಟದ್ದು.

"ಇದೇನ್ ಮೇಡಂ, ಮೇಜಿಗೆ ಕುಂಕುಮ ಇಟ್ಟಿದೀರ?" ಅಂದಳು ಸುಶೀಲ.

"ಗೌರಮ್ಮ ಕೊಟ್ಟದ್ದು. ಅವರ ಪಿಯಾನೊದಲ್ಲಿ ಮೂಕ ಕೀಲಿಗಳು ಇವೆಯಲ್ಲ, ಅವುಗಳ ಗುರುತು ಇವು. ಇಲ್ಲೆಲ್ಲ ಬೆರಳಿಡೋ ಹಾಗಿಲ್ಲ. ದಾಟಿ ಹೋಗೋದು ರೂಢಿಯಾಗಬೇಕು, ಭಾನುವಾರದೊಳಗೆ."

"ಕುಂಕುಮಾನ ಹಿಂಗೆಲ್ಲಾ..."

"ಆಯುಧಪೂಜೆಗೆ ನಿಮ್ಮ ತಕ್ಕಡಿಗೆ ಇಡಲ್ವಾ ಸುಶೀಲಮ್ಮ? ನನ್ನದು ಇದೇ."

ಸುಶೀಲ ಬಾಯಿ ಮುಚ್ಚಿದಳು. (ಇದೂ ಸುದ್ದಿಯೇ.)

"ಮೇಡಂ, ಹಾಗಾದ್ರೆ ಸ್ವಂತದ್ದು ಬೇಕು ಅನ್ನೋ ಆಸೆ..." ನಾನು ಬಾಯಿ ಹಾಕಿದೆ.

ಮೇಡಂ ಒಂದು ಚುಕ್ಕಿಯ ಅಂಚನ್ನು ಉಗುರಿನಿಂದ ಸರಿ ಮಾಡಿದರು. "ಅದೆಲ್ಲಿಗೆ ಹೋಗುತ್ತೆ? ಇರುತ್ತೆ" ಅಂದರು.

ಆ ಭಾನುವಾರ ರೇಷ್ಮೆ ಸೀರೆಯನ್ನೇ ಉಟ್ಟುಕೊಂಡು ಹೊರಟರು. ಆಟೋ ನಾನೇ ಹಿಡಿದುಕೊಟ್ಟೆ. ಸುಶೀಲಳೂ ಜೊತೆಗೆ ಹೋದಳು, ಸಿನಿಮಾ ಬಿಟ್ಟು. ಮಲಗುವ ಮುಂಚೆ ಒಂದೇ ಮಾತು ಕೇಳಿದಳು: "ರೀ, ನುಡಿಸಿ ಆದ ಮೇಲೆ ಮುಚ್ಚಳ ಹಾಕಿ, ಅದರ ಮೇಲೆ ಕೈ ಇಟ್ಟು ನಿಂತ್ಕೋತಾರಲ್ಲ, ಹೋದ್ಸಲನೂ ಹಂಗೇ ನಿಂತಿದ್ರಾ?"

ಗಮನಿಸಿರಲಿಲ್ಲ. ನಾನು ಆಗ ದುಡ್ಡು ತೆಗೆಯುತ್ತಿದ್ದೆ.

ಆದ್ದರಿಂದ ಈ ವಾರ ನಿಮಗೆ ಬುದ್ಧಿವಾದ ಇಲ್ಲ, ಒಂದು ಬೇಡಿಕೆ ಇದೆ. ರಾಜಾಜಿನಗರದಲ್ಲಿ ಒಂದು ಪಿಯಾನೊ ಇರುವುದಾದರೆ ಬಸವೇಶ್ವರನಗರದಲ್ಲೋ ಕೆಂಗೇರಿಯಲ್ಲೋ ಇನ್ನೊಂದು ಇರಲೇಬೇಕು, ಇಸ್ತ್ರಿ ಬಟ್ಟೆ ಹೊತ್ತುಕೊಂಡು, ದಸರಾ ಗೊಂಬೆ ಹೊತ್ತುಕೊಂಡು. ಕಂಡರೆ ಅಂಗಡಿಗೆ ಬಂದು ಹೇಳಿ. ನಾನೊಬ್ಬನೇ ಬರುತ್ತೇನೆ, ಮೇಡಂ ಅವರನ್ನು ಕರೆತರುವುದಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು ಬರುತ್ತೇನೆ. ಕೇಳಿದ ಬೆಲೆ ಕೊಡುತ್ತೇನೆ, ರಾಹುಕಾಲದಲ್ಲೇ ಬೇಕಾದರೂ ಕೊಡುತ್ತೇನೆ.

ಸ್ವಲ್ಪ ಎದ್ದು, ನಿಮ್ಮ ಟಿವಿಯ ಕೆಳಗಿನ ಬಟ್ಟೆ ಎತ್ತಿ ನೋಡುತ್ತೀರಾ?